ಅಗ್ಗದ ಕಡಲನಕ್ಷೆ ತಂತ್ರಾಂಶ: ಮೊದಲು ನಕ್ಷೆ, ಆಮೇಲೆ ಸಾಫ್ಟ್‌ವೇರ್

ಮಲ್ಪೆಯಲ್ಲಿ ಮೂವತ್ತು ವರ್ಷ ತಾಂಡೇಲರಾಗಿ, ಅಂದರೆ ಮೀನುಗಾರಿಕೆ ಬೋಟಿನ ನಾಯಕರಾಗಿ ಇದ್ದ ನಮ್ಮ ಚಿಕ್ಕಪ್ಪ ಒಂದು ಬೇಸಿಗೆಯಲ್ಲಿ ಅಮೆರಿಕದ ಮೇರಿಲ್ಯಾಂಡಿಗೆ ಬಂದಿದ್ದರು. ನನ್ನ 25 ಅಡಿಯ ಹಳೆಯ ಹಾಯಿದೋಣಿಯಲ್ಲಿ ಕೂತು, ಲ್ಯಾಪ್‌ಟಾಪಿನ ಪರದೆಯ ಮೇಲೆ ಸಣ್ಣ ಸಣ್ಣ ಅಂಕಿಗಳಾಗಿ ಹರಡಿದ್ದ ನೀರಿನ ಆಳವನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು. ಆಮೇಲೆ ಕೇಳಿದರು: "ಈ ಪೆಟ್ಟಿಗೆ ನೀರಿನೊಳಗೆ ನೋಡಿ ಹೇಳುವುದೋ ಮಾರಾಯಾ, ಅಲ್ಲ ಯಾರೋ ಹೇಳಿದ್ದನ್ನು ತಿರುಗಿ ಹೇಳುವುದೋ?"

"ಯಾರೋ ಹೇಳಿದ್ದನ್ನೇ ಚಿಕ್ಕಪ್ಪಾ."

"ಹಾಗಾದರೆ ಹೇಳಿದವನು ಯಾರು, ಯಾವಾಗ ಹೇಳಿದ, ಅದನ್ನು ಮೊದಲು ವಿಚಾರಿಸು."

ಮೂರು ವರ್ಷ ನಾನು ತಂತ್ರಾಂಶಗಳನ್ನು ಇಳಿಸಿಕೊಂಡು, ಅಳಿಸಿ, ಮತ್ತೆ ಇಳಿಸಿಕೊಂಡು ಕಲಿತದ್ದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದ್ದರು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಣ್ಣ ದೋಣಿ ಇಟ್ಟುಕೊಂಡ ಕನ್ನಡದ ಸ್ನೇಹಿತರು ಆಗಾಗ ಕೇಳುವ ಪ್ರಶ್ನೆ ಒಂದೇ: "ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದೆ, ಅದಕ್ಕೆ ಕಡಲನಕ್ಷೆ ತೋರಿಸುವ ಯಾವ ಸಾಫ್ಟ್‌ವೇರ್ ಹಾಕಲಿ?" ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಿನ ಕರಾವಳಿಯವರಿಗೆ ಬೇಕಾದ ಮಾತು ಕೊನೆಯ ಕಡೆಗಿದೆ.

ನಾನು ಓಡಾಡುವ ನೀರು ಚೆಸಪೀಕ್ ಕೊಲ್ಲಿ. ಉದ್ದ ಸುಮಾರು 320 ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಕಾರವಾರದಿಂದ ತಲಪಾಡಿಯವರೆಗಿನ ನಮ್ಮ ಕರಾವಳಿಯಷ್ಟು. ಆದರೆ ಸರಾಸರಿ ಆಳ 21 ಅಡಿ. ಊರಿನ ಲೆಕ್ಕದಲ್ಲಿ ಮೂರೂವರೆ ಮಾರು. ದೊಡ್ಡ ಹಡಗುಗಳು ಹೋಗುವ ದಾರಿಯನ್ನು ಬಿಟ್ಟು ಬದಿಗೆ ಸರಿದರೆ ಮಂಡಿಯುದ್ದದ ನೀರೂ ಸಿಗುತ್ತದೆ. ನನ್ನ ದೋಣಿಗೆ ಕನಿಷ್ಠ 4 ಅಡಿ ಬೇಕು. ಇಲ್ಲಿ ತಳ ತಾಗುವುದೆಂದರೆ ಬಂಡೆಗೆ ಬಡಿದು ಒಡೆಯುವುದಲ್ಲ, ಕೆಸರಿನಲ್ಲಿ ಹೂತು ಉಬ್ಬರಕ್ಕೆ ಕಾಯುತ್ತಾ ಕೂರುವುದು. ಜೀವಕ್ಕಿಂತ ಮಾನಕ್ಕೆ ಅಪಾಯ ಹೆಚ್ಚು. ಹಾಗಾಗಿ ಅಗ್ಗದ ವಸ್ತುಗಳನ್ನು ಪ್ರಯೋಗಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಒಲೆ ಮತ್ತು ಅಕ್ಕಿ

ತಂತ್ರಾಂಶ ಒಲೆಯಿದ್ದಂತೆ, ನಕ್ಷೆ ಅಕ್ಕಿ. ಒಲೆ ಎಷ್ಟೇ ಹೊಳೆಯುತ್ತಿದ್ದರೂ ಮುಗ್ಗಿದ ಅಕ್ಕಿಯಿಂದ ಒಳ್ಳೆಯ ಗಂಜಿಯಾಗುವುದಿಲ್ಲ. ಆದರೂ ಹೆಚ್ಚಿನವರು ಒಲೆಯ ಅಂಗಡಿಯಲ್ಲೇ ಚೌಕಾಸಿ ಮಾಡುತ್ತಾ ನಿಲ್ಲುತ್ತಾರೆ.

ಅಮೆರಿಕದಲ್ಲಿ ಅಕ್ಕಿ ಧರ್ಮಾರ್ಥ. ಇಲ್ಲಿನ ಕಡಲನ್ನು ಅಳೆಯುವ ಸರಕಾರಿ ಸಂಸ್ಥೆ ನೋವಾ, ತನ್ನ ಎಲೆಕ್ಟ್ರಾನಿಕ್ ನಕ್ಷೆಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಲು ಬಿಟ್ಟಿದೆ, ವಾರಕ್ಕೊಮ್ಮೆ ತಿದ್ದುಪಡಿಯನ್ನೂ ಕೊಡುತ್ತದೆ. ಇವುಗಳನ್ನು ಇಎನ್‌ಸಿ ಎನ್ನುತ್ತಾರೆ. ಕಡತದ ಮಾದರಿಯ ಹೆಸರು ಎಸ್-57. ಮಿಸಿಸಿಪ್ಪಿಯಂಥ ಒಳನಾಡಿನ ನದಿಗಳ ನಕ್ಷೆಯನ್ನು ಸೇನೆಯ ಎಂಜಿನಿಯರುಗಳ ದಳ ಇದೇ ರೀತಿ ಪುಕ್ಕಟೆಯಾಗಿ ಹಂಚುತ್ತದೆ.

ಹಿಂದೆ ಇನ್ನೊಂದು ಬಗೆಯಿತ್ತು: ಕಾಗದದ ನಕ್ಷೆಯನ್ನು ಹಾಗೆಯೇ ಚಿತ್ರವಾಗಿಸಿದ ರಾಸ್ಟರ್ ನಕ್ಷೆ. ನೋಡಲು ಸೊಗಸು, ಕಣ್ಣಿಗೆ ಹಿತ. ನೋವಾ 2019ರಲ್ಲಿ ಇದನ್ನೂ ಹಳೆಯ ಮಾದರಿಯ ಕಾಗದದ ನಕ್ಷೆಯನ್ನೂ ನಿಲ್ಲಿಸುವುದಾಗಿ ಹೇಳಿ, ಸುಮಾರು ಐದು ವರ್ಷಗಳಲ್ಲಿ ಹಂತಹಂತವಾಗಿ ಕೈಬಿಟ್ಟಿತು. ಆದ್ದರಿಂದ ರಾಸ್ಟರ್ ಮಾತ್ರ ತೋರಿಸಬಲ್ಲ ತಂತ್ರಾಂಶವನ್ನು ಇವತ್ತು ಯಾರಾದರೂ ಹೊಗಳಿದರೆ ಆ ಸಲಹೆ ಯಾವ ಕಾಲದ್ದು ಎಂದು ಕೇಳಿಕೊಳ್ಳಿ. ಸೀಕ್ಲಿಯರ್ ಎಂಬ ಪುಕ್ಕಟೆ ತಂತ್ರಾಂಶ ಒಂದು ಕಾಲದಲ್ಲಿ ಬಡ ನಾವಿಕರ ಕಾಮಧೇನುವಾಗಿತ್ತು. ಸ್ಕ್ಯಾನ್ ಮಾಡಿದ ನಕ್ಷೆಗೆ ನಾವೇ ಅಕ್ಷಾಂಶ ರೇಖಾಂಶ ಹೊಂದಿಸಿಕೊಳ್ಳುವ ಮ್ಯಾಪ್‌ಕ್ಯಾಲ್ ಎಂಬ ಸಾಧನವೂ ಅದರ ಜೊತೆಗೇ ಬರುತ್ತಿತ್ತು. ಅದರ ಕಾಲ ಮುಗಿಯಿತು. ಹೊಸದಾಗಿ ಶುರುಮಾಡುವವರು ಆ ಕಡೆ ಹೋಗುವುದು ಬೇಡ.

ತಿದ್ದುಪಡಿ ಯಾಕೆ ಮುಖ್ಯ ಎನ್ನುವವರಿಗೆ ಇದೇ ಕೊಲ್ಲಿಯ ಬಂದರು ಬಾಲ್ಟಿಮೋರ್ ಒಂದೇ ಸಾಕು. 2024ರ ಮಾರ್ಚ್ 26ರ ನಸುಕಿನಲ್ಲಿ ಡಾಲಿ ಎಂಬ ಕಂಟೇನರ್ ಹಡಗು ಬಡಿದು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಪಟಾಪ್ಸ್ಕೊ ನದಿಗೆ ಬಿತ್ತು. ಹಡಗಿನ ಸಿಬ್ಬಂದಿಯಲ್ಲಿ ಬಹುಪಾಲು ಭಾರತೀಯರೇ ಇದ್ದುದರಿಂದ ಊರಿನ ಪತ್ರಿಕೆಗಳಲ್ಲಿಯೂ ಅದು ದೊಡ್ಡ ಸುದ್ದಿಯಾಯಿತು. ಅಲ್ಲಿಂದ ಜೂನ್ 10ರಂದು ಮುಖ್ಯ ಹಡಗುದಾರಿ ಪೂರ್ತಿಯಾಗಿ ತೆರೆಯುವವರೆಗೆ ಅವಶೇಷ, ತಾತ್ಕಾಲಿಕ ದಾರಿ, ಹೊಸ ತೇಲುಗುರುತು ಎಂದು ಆ ಜಾಗದ ಲೆಕ್ಕ ಬದಲಾಗುತ್ತಲೇ ಇತ್ತು. ಆ ವರ್ಷದ ಜನವರಿಯಲ್ಲಿ ನಕ್ಷೆ ಇಳಿಸಿಕೊಂಡು ಸುಮ್ಮನಾದವನ ಪರದೆಯಲ್ಲಿ ಸೇತುವೆ ಈಗಲೂ ನಿಂತೇ ಇದೆ.

ಚಿಕ್ಕಪ್ಪನ ಇನ್ನೊಂದು ಪ್ರಶ್ನೆ: ಹೇಳಿದವನು ಎಷ್ಟು ಸರಿಯಾಗಿ ಅಳೆದು ಹೇಳಿದ? ಅದಕ್ಕೂ ಇಎನ್‌ಸಿಯೊಳಗೇ ಉತ್ತರವಿದೆ. ಒಂದೊಂದು ಪ್ರದೇಶಕ್ಕೂ ಒಂದು ವಿಶ್ವಾಸದ ದರ್ಜೆ ಕೊಟ್ಟಿರುತ್ತಾರೆ. ಎ1 ಎಂದರೆ ಗುರುತಿಸಿದ ಜಾಗ 5 ಮೀಟರಿನೊಳಗೆ ಸರಿ, ಬಿ ಎಂದರೆ 50 ಮೀಟರ್ ಆಚೀಚೆ, ಸಿ ಎಂದರೆ 500 ಮೀಟರ್. ಜಿಪಿಎಸ್ ನಿಮ್ಮ ದೋಣಿಯನ್ನು ಮೂರು ಮೀಟರ್ ನಿಖರವಾಗಿ ತೋರಿಸುತ್ತಿರಬಹುದು. ಆದರೆ ಅದರ ಪಕ್ಕದ ದಿಬ್ಬವನ್ನು ತೋರಿಸಿದವನ ಕೈ ಅರ್ಧ ಕಿಲೋಮೀಟರ್ ನಡುಗಿರಬಹುದು. ಈ ದರ್ಜೆಯನ್ನು ತೋರಿಸಲಾರದ ತಂತ್ರಾಂಶವನ್ನು ನಾನು ಒಂದು ಮೆಟ್ಟಿಲು ಕೆಳಗೇ ಇಡುತ್ತೇನೆ.

ಓಪನ್‌ಸಿಪಿಎನ್: ಪುಕ್ಕಟೆ, ಆದರೆ ಒಂದು ವಾರಾಂತ್ಯ ಕೇಳುತ್ತದೆ

ಲ್ಯಾಪ್‌ಟಾಪಿಗೆ ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವ ಹೆಸರು ಓಪನ್‌ಸಿಪಿಎನ್. ಡೇವ್ ರಿಜಿಸ್ಟರ್ ಎಂಬವರು ಶುರುಮಾಡಿ, ಈಗ ಹಲವು ದೇಶಗಳ ಸ್ವಯಂಸೇವಕರು ಬೆಳೆಸುತ್ತಿರುವ ಮುಕ್ತ ತಂತ್ರಾಂಶ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ. ಆಂಡ್ರಾಯ್ಡ್ ಆವೃತ್ತಿಗೆ ಮಾತ್ರ ಸಣ್ಣ ಮೊತ್ತ ಕೊಡಬೇಕು. ಎಸ್-57 ನಕ್ಷೆ, ಹಳೆಯ ರಾಸ್ಟರ್, ಉಬ್ಬರವಿಳಿತದ ಪಟ್ಟಿ, ಹತ್ತಿರದ ಹಡಗುಗಳನ್ನು ತೋರಿಸುವ ಎಐಎಸ್, ಲಂಗರು ಜಾರಿದರೆ ಕೂಗುವ ಕಾವಲು, ಎಲ್ಲವೂ ಇದರಲ್ಲಿದೆ. ಇಲ್ಲದ್ದಕ್ಕೆ ಪ್ಲಗಿನ್, ಅಂದರೆ ಆಮೇಲೆ ಸೇರಿಸಿಕೊಳ್ಳುವ ಪೂರಕ ತುಣುಕು ಇದೆ.

ಇದರಲ್ಲಿ ನಾನು ಮೊದಲ ದಿನ ಪಟ್ಟ ಪಾಡನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಹತ್ತರಲ್ಲಿ ಎಂಟು ಮಂದಿ ಇಲ್ಲಿಯೇ ಎಡವುತ್ತಾರೆ. ತಂತ್ರಾಂಶ ಹಾಕಿದೆ, ಜಿಪಿಎಸ್ ಚುಚ್ಚಿದೆ, ಪರದೆಯಲ್ಲಿ ನೀಲಿ ಕಡಲು, ಹಳದಿ ನೆಲ, ನಡುವೆ ಪುಟ್ಟ ದೋಣಿಯ ಚಿತ್ರ ಬಂತು. ಆಹಾ ಎಂದುಕೊಂಡೆ. ಸ್ವಲ್ಪ ಹತ್ತಿರಕ್ಕೆ ಎಳೆದು ನೋಡಿದರೆ ನನ್ನ ದೋಣಿ ನೆಲದ ಮೇಲೆ, ಯಾರದೋ ಜೋಳದ ಹೊಲದ ನಡುವೆ ನಿಂತಿತ್ತು. ಜಿಪಿಎಸ್ ಕೆಟ್ಟಿದೆ ಎಂದು ಒಂದು ಗಂಟೆ ಅದರ ಜೊತೆ ಗುದ್ದಾಡಿದೆ. ಕೆಟ್ಟದ್ದು ಯಾವುದೂ ಇರಲಿಲ್ಲ. ನಾನು ನಕ್ಷೆಯನ್ನೇ ಹಾಕಿರಲಿಲ್ಲ! ಪರದೆಯಲ್ಲಿ ಕಾಣುತ್ತಿದ್ದುದು ತಂತ್ರಾಂಶದ ಜೊತೆಗೆ ಬರುವ ಒರಟು ಭೂಪಟ. ದೇಶ ಯಾವುದು, ಕಡಲು ಯಾವುದು ಎಂದು ತಿಳಿಯಲು ಅದು ಸಾಕು. ನಾವು ದೋಣಿ ಕಟ್ಟುವ ಕಿರುತೊರೆ ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಆಳದ ಅಂಕಿಯೊಂದೂ ಕಾಣದಿದ್ದರೆ ನಿಮ್ಮ ಮುಂದಿರುವುದು ನಕ್ಷೆಯಲ್ಲ, ನಕ್ಷೆಗಾಗಿ ಹಾಸಿಟ್ಟ ಬರಿಯ ಚಾಪೆ.

ಸರಿಯಾದ ಕ್ರಮ ಹೀಗೆ. ನಕ್ಷೆ ಇಳಿಸುವ ಪ್ಲಗಿನ್ ತೆರೆದು ನಿಮ್ಮ ರಾಜ್ಯದ ಇಎನ್‌ಸಿಗಳನ್ನು ಒಂದು ಫೋಲ್ಡರಿಗೆ ಇಳಿಸಿಕೊಳ್ಳಿ. ಆ ಫೋಲ್ಡರ್ ಎಲ್ಲಿದೆ ಎಂದು ಸೆಟ್ಟಿಂಗಿನಲ್ಲಿ ತೋರಿಸಿ. ಪ್ರತಿ ನಕ್ಷೆಯನ್ನೂ ತಂತ್ರಾಂಶ ಮೊದಲ ಸಲ ತನ್ನದೇ ರೂಪಕ್ಕೆ ಅರೆದುಕೊಳ್ಳುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲಿ ಇದು ನಿಧಾನ. ಎಲ್ಲವನ್ನೂ ಒಟ್ಟಿಗೆ ಸಿದ್ಧಪಡಿಸುವ ಒಂದು ಗುಂಡಿಯಿದೆ. ಮನೆಯಲ್ಲಿ ಕರೆಂಟಿಗೆ ಚುಚ್ಚಿ, ಆ ಗುಂಡಿ ಒತ್ತಿ ಊಟಕ್ಕೆ ಹೋಗಿ. ನೀರಿನ ಮೇಲೆ ಬ್ಯಾಟರಿ ಇಳಿಯುತ್ತಿರುವಾಗ ಮಾಡುವ ಕೆಲಸ ಇದಲ್ಲ.

ಕೊರತೆಯೂ ಇದೆ. ಸೆಟ್ಟಿಂಗುಗಳು ಹಳೆಯ ಸರಕಾರಿ ಕಚೇರಿಯಂತೆ: ಎಲ್ಲ ಕಡತವೂ ಇದೆ, ಯಾವ ಕಪಾಟಿನಲ್ಲಿದೆ ಎಂದು ಗುಮಾಸ್ತನಿಗೇ ಗೊತ್ತು. ದುಡ್ಡು ಕೊಟ್ಟಿಲ್ಲವಾದ್ದರಿಂದ ಫೋನ್ ಮಾಡಿ ಬೈಯಲು ಯಾರೂ ಇಲ್ಲ. ಆದರೆ ಕೈಪಿಡಿ ಚೆನ್ನಾಗಿದೆ, ಬಳಕೆದಾರರ ಬಳಗ ದೊಡ್ಡದು. ಅಮೆರಿಕದ ಆಚೆ ಹೋಗುವವರಿಗೆ ಒ-ಚಾರ್ಟ್ಸ್ ಎಂಬ ಅಂಗಡಿ ಕೆನಡಾ, ಬ್ರಿಟನ್ ಮುಂತಾದ ದೇಶಗಳ ಅಧಿಕೃತ ನಕ್ಷೆಗಳನ್ನು ಗೂಢಲಿಪಿಯಲ್ಲಿ, ಸಾಮಾನ್ಯವಾಗಿ ಒಂದು ಹೊತ್ತಿನ ಹೋಟೆಲ್ ಊಟದ ಆಸುಪಾಸಿನ ಬೆಲೆಗೆ ಮಾರುತ್ತದೆ. ನಕ್ಷೆಗೆ ಬೀಗದ ಕೈಯಂತಿರುವ ಅವರ ಯುಎಸ್‌ಬಿ ಡಾಂಗಲ್ ತೆಗೆದುಕೊಂಡರೆ ಒಂದು ಕಂಪ್ಯೂಟರ್ ಕೈಕೊಟ್ಟಾಗ ಇನ್ನೊಂದಕ್ಕೆ ಚುಚ್ಚಿ ಮುಂದುವರಿಯಬಹುದು.

ಒಂದು ಎಚ್ಚರಿಕೆ. ಸಿಎಂ93 ಎಂಬ ಇಡೀ ಲೋಕದ ನಕ್ಷೆಯ ಹಳೆಯ ಪ್ರತಿಗಳು ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ದಾಟುತ್ತಿರುತ್ತವೆ. ಓಪನ್‌ಸಿಪಿಎನ್ ಅದನ್ನು ತೆರೆಯುತ್ತದೆ ಎಂಬುದು ನಿಜ. ಕದ್ದ ಮಾಲು ಎಂಬ ಮಾತು ಬದಿಗಿರಲಿ. ಅದು ಎಷ್ಟೋ ವರ್ಷ ಹಿಂದಿನದು, ಕೆಲವು ಕಡೆ ದಡವೇ ಪಕ್ಕಕ್ಕೆ ಸರಿದು ನಿಂತಿರುತ್ತದೆ. ಹೇಳಿದವನು ಯಾರು ಎಂದೂ ಗೊತ್ತಿಲ್ಲ, ಯಾವಾಗ ಎಂದೂ ಗೊತ್ತಿಲ್ಲ.

ಕ್ಯೂಟಿವಿಎಲ್‌ಎಂ: ಗಾಳಿಯ ಲೆಕ್ಕದವರಿಗೆ

ಕಂಪ್ಯೂಟರಿಗೆ ಪುಕ್ಕಟೆಯಾಗಿ ಸಿಗುವ ಇನ್ನೊಂದು ಗಟ್ಟಿ ಆಯ್ಕೆ ಕ್ಯೂಟಿವಿಎಲ್‌ಎಂ. ಇದರ ಹುಟ್ಟು ತಮಾಷೆಯದು. ವರ್ಚುವಲ್ ಲೂ ದ ಮೆರ್ ಎಂಬ ಫ್ರೆಂಚ್ ಅಂತರಜಾಲ ಹಾಯಿ ಪಂದ್ಯದ ಆಟಗಾರರಿಗಾಗಿ ಹುಟ್ಟಿದ್ದು ಬೆಳೆದು ನಿಜವಾದ ದೋಣಿಯನ್ನೇರಿತು. ಆಟದಲ್ಲಿ ಗೆಲ್ಲಬೇಕಾದರೆ ಗಾಳಿಯ ಮುನ್ಸೂಚನೆ ನೋಡಿ ಯಾವ ದಾರಿ ಹಿಡಿದರೆ ಬೇಗ ತಲುಪಬಹುದು ಎಂದು ಲೆಕ್ಕ ಹಾಕಬೇಕಲ್ಲ. ಆ ಲೆಕ್ಕದಲ್ಲಿ ಇದು ಈಗಲೂ ನಿಸ್ಸೀಮ. ನಿಮ್ಮ ದೋಣಿ ಯಾವ ಗಾಳಿಗೆ ಎಷ್ಟು ವೇಗದಲ್ಲಿ ಓಡುತ್ತದೆ ಎಂಬ ಕೋಷ್ಟಕವನ್ನು ಕೊಟ್ಟರೆ, ಇಂಥ ದಿನ ಇಷ್ಟು ಹೊತ್ತಿಗೆ ಹೊರಡು ಎಂದು ಹೇಳುತ್ತದೆ. ಇಎನ್‌ಸಿ, ಒ-ಚಾರ್ಟ್ಸ್ ನಕ್ಷೆ ಎರಡನ್ನೂ ಓದುತ್ತದೆ.

ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ನನ್ನಂಥವರಿಗೆ ಈ ಪಾಂಡಿತ್ಯ ಹೆಚ್ಚಾಯಿತು. ಸಾಗರದ ನಡುವಿನ ಬರ್ಮುಡಾ ದ್ವೀಪದ ಕನಸು ಕಾಣುವವರು ಖಂಡಿತ ಹಾಕಿಕೊಳ್ಳಿ. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡನ್ನೂ ಇಟ್ಟುಕೊಂಡು, ಮನೆಯಲ್ಲಿ ಇದರಲ್ಲಿ ಯೋಜನೆ ಮಾಡಿ, ದಾರಿಯನ್ನು ಜಿಪಿಎಕ್ಸ್ ಕಡತವಾಗಿ ಉಳಿಸಿ, ದೋಣಿಯಲ್ಲಿ ಓಪನ್‌ಸಿಪಿಎನ್‌ನಲ್ಲಿ ತೆರೆಯುವವರೂ ಇದ್ದಾರೆ.

ಕೊಂಡುಕೊಳ್ಳುವ ಪಿಸಿ ತಂತ್ರಾಂಶಗಳು

ಕೋಸ್ಟಲ್ ಎಕ್ಸ್‌ಪ್ಲೋರರ್, ಟೈಮ್‌ಜೀರೋ ಮುಂತಾದವು ನೂರಾರು ಡಾಲರಿನವು. ಪಂದ್ಯದ ಹಾಯಿದೋಣಿಗಳವರು ಬಳಸುವ ಎಕ್ಸ್‌ಪೆಡಿಶನ್ ಇನ್ನೂ ದುಬಾರಿ. ಇವು ಸೊಗಸಾಗಿವೆ, ಸೆಟ್ಟಿಂಗಿನಲ್ಲಿ ಅಲೆದಾಡಿಸುವುದಿಲ್ಲ, ಕರೆದರೆ ಉತ್ತರಿಸುವವರಿರುತ್ತಾರೆ. ಆದರೆ ಚೆಸಪೀಕಿನಲ್ಲಿ ಇವು ತೋರಿಸುವುದು ಬಹುತೇಕ ಅದೇ ನೋವಾ ಅಳೆದ ಆಳವನ್ನು. ದುಡ್ಡು ಹೋಗುವುದು ಒಲೆಗೆ. ಅಗ್ಗ ಎಂಬ ಮಾತಿನಿಂದ ಹೊರಟವರಿಗೆ ಇಲ್ಲಿ ಕೆಲಸವಿಲ್ಲ; ಮುಂದೆ ಹೋಗೋಣ.

ಫೋನು, ಟ್ಯಾಬ್ಲೆಟ್ಟಿನ ಆಪ್‌ಗಳು

ಇವನ್ನು ಬಿಟ್ಟು ಮಾತಾಡಿದರೆ ಆತ್ಮವಂಚನೆ. ದೋಣಿಯಲ್ಲಿ ನನ್ನ ಕಣ್ಣು ಹೆಚ್ಚು ಹೊತ್ತು ಇರುವುದು ಲ್ಯಾಪ್‌ಟಾಪಿನ ಮೇಲಲ್ಲ, ಚುಕ್ಕಾಣಿಯ ಪಕ್ಕದಲ್ಲಿ ನೀರು ಹೋಗದ ಚೀಲದಲ್ಲಿ ಸಿಕ್ಕಿಸಿದ ಟ್ಯಾಬ್ಲೆಟ್ಟಿನ ಮೇಲೆ. ಜಿಪಿಎಸ್ ಒಳಗೇ ಇರುತ್ತದೆ, ತಂತಿಯಿಲ್ಲ, ಎತ್ತಿಕೊಂಡು ಮನೆಗೆ ಹೋಗಬಹುದು. ಕೊಳ್ಳುವಾಗ ಒಂದನ್ನು ನೋಡಿ: ವೈಫೈ ಮಾತ್ರ ಇರುವ ಐಪ್ಯಾಡುಗಳಲ್ಲಿ ಜಿಪಿಎಸ್ ಚಿಪ್ ಇರುವುದಿಲ್ಲ, ಸಿಮ್ ಹಾಕಬಲ್ಲ ಮಾದರಿಗಳಲ್ಲಿ ಇರುತ್ತದೆ. ಸಿಮ್ ಹಾಕದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ.

ನ್ಯಾವಿಯೋನಿಕ್ಸ್ ಬೋಟಿಂಗ್ ಎಲ್ಲರಿಗೂ ಗೊತ್ತಿರುವ ಹೆಸರು. 2017ರಲ್ಲಿ ಗಾರ್ಮಿನ್ ಇದನ್ನು ಕೊಂಡುಕೊಂಡಿತು. ವರ್ಷದ ಚಂದಾ, ಅಮೆರಿಕದಲ್ಲಿ 50 ಡಾಲರಿನ ಆಸುಪಾಸು. ಇದರ ಬಲ ಸೋನಾರ್‌ಚಾರ್ಟ್: ಬಳಕೆದಾರರ ಆಳಮಾಪಕಗಳಿಂದ ಬಂದ ಅಳತೆಗಳನ್ನು ಸೇರಿಸಿ ಎಳೆದ ಹತ್ತಿರಹತ್ತಿರದ ಆಳರೇಖೆಗಳು. ಸರಕಾರದ ಅಳತೆ ದೋಣಿ ಯಾವ ಕಾಲದಲ್ಲೋ ಬಂದುಹೋದ ಕಿರುತೊರೆಗಳಲ್ಲಿ ಇದು ನಿಜವಾಗಿ ಉಪಕಾರಿ. ಆದರೆ ಅಲ್ಲಿ ಹೇಳಿದವನು ಯಾರೋ ಒಬ್ಬ ಹವ್ಯಾಸಿ. ಅವನ ಆಳಮಾಪಕ ನೀರಿನ ಮಟ್ಟದಿಂದ ಅಳೆಯುತ್ತಿತ್ತೋ, ದೋಣಿಯ ತಳದಿಂದಲೋ ಯಾರಿಗೆ ಗೊತ್ತು.

ಆಕ್ವಾ ಮ್ಯಾಪ್ ಇನ್ನೂ ಅಗ್ಗದ್ದು, ಅಮೆರಿಕದ ಒಳನೀರಿನ ದಾರಿಯಲ್ಲಿ ಫ್ಲಾರಿಡಾದ ಕಡೆಗೆ ಇಳಿಯುವವರಲ್ಲಿ ಬಹಳ ಜನಪ್ರಿಯ. ಕಾರಣ ಒಂದೇ. ಸೇನೆಯ ಎಂಜಿನಿಯರುಗಳು ಹೂಳು ತುಂಬುವ ಕಾಲುವೆಗಳನ್ನು ಆಗಾಗ ಅಳೆದು ಪ್ರಕಟಿಸುವ ಸಮೀಕ್ಷೆಗಳನ್ನು ಇದು ಮೇಲಿನ ದರ್ಜೆಯ ಚಂದಾದಾರರಿಗೆ ನಕ್ಷೆಯ ಮೇಲೆಯೇ ಬಣ್ಣದಲ್ಲಿ ಹಾಸಿ ತೋರಿಸುತ್ತದೆ. ಗಂಗೊಳ್ಳಿಯ ಅಳಿವೆ ಬಾಗಿಲನ್ನು ಕಂಡವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ: ಹೋದ ವರ್ಷದ ದಾರಿಯಲ್ಲಿ ಈ ವರ್ಷ ಮರಳು.

ಆಪ್‌ಗಳ ಕೊರತೆ ಚಂದಾ. ಹತ್ತು ವರ್ಷ ಕಟ್ಟಿದರೆ ಒಂದು ಒಳ್ಳೆಯ ಪ್ಲಾಟರಿನ, ಅಂದರೆ ದೋಣಿಯಲ್ಲಿ ಕೂರಿಸುವ ನಕ್ಷೆಯ ಪರದೆಯ ಬೆಲೆ. ಎರಡನೆಯದು ಬಿಸಿಲು. ಜುಲೈ ಮಧ್ಯಾಹ್ನ ಟ್ಯಾಬ್ಲೆಟ್ ಕಾದು ತಾನೇ ಮಲಗಿಬಿಡುತ್ತದೆ, ಅದೂ ಸರಿಯಾಗಿ ನಿಮಗೆ ಅದು ಬೇಕಾದ ತಿರುವಿನಲ್ಲಿ.

ಹತ್ತಿರ ಎಳೆದು ನೋಡುವ ಅಭ್ಯಾಸ

ಯಾವ ತಂತ್ರಾಂಶ ಹಿಡಿದರೂ ತಪ್ಪದ ಅಪಾಯ ಒಂದಿದೆ, ಅದನ್ನು ಸ್ವಲ್ಪ ನಿಂತು ಹೇಳುತ್ತೇನೆ. ಇಎನ್‌ಸಿ ಒಂದೇ ನಕ್ಷೆಯಲ್ಲ. ಇಡೀ ಸಾಗರದ ನೋಟದಿಂದ ದಕ್ಕೆಯ ನೋಟದವರೆಗೆ ಆರು ಮಟ್ಟದ ನಕ್ಷೆಗಳನ್ನು ಒಂದರ ಮೇಲೊಂದು ಜೋಡಿಸಿದ ಕಂತೆ. ದೂರದಿಂದ ನೋಡಿದರೆ ಮೇಲಿನ ಮಟ್ಟ ಕಾಣುತ್ತದೆ, ಅದರಲ್ಲಿ ಸಣ್ಣ ದಿಬ್ಬಗಳಿರುವುದಿಲ್ಲ. ಕಾಗದದ ನಕ್ಷೆ ಹರಡಿಕೊಂಡು ಕೂತವನು ಎಲ್ಲವನ್ನೂ ಒಟ್ಟಿಗೆ ನೋಡುತ್ತಿದ್ದ. ಪರದೆಯ ಮುಂದೆ ಕೂತವನಿಗೆ ತಾನು ಏನನ್ನು ನೋಡುತ್ತಿಲ್ಲ ಎಂಬುದೇ ತಿಳಿಯುವುದಿಲ್ಲ.

2014ರ ನವೆಂಬರ್ 29ರ ರಾತ್ರಿ, ವೋಲ್ವೋ ಓಷನ್ ರೇಸ್ ಎಂಬ ಲೋಕ ಸುತ್ತುವ ಹಾಯಿ ಪಂದ್ಯದಲ್ಲಿ ಕೇಪ್‌ಟೌನಿನಿಂದ ಅಬುಧಾಬಿಗೆ ಓಡುತ್ತಿದ್ದ ಟೀಮ್ ವೆಸ್ಟಾಸ್ ವಿಂಡ್ ಎಂಬ ದೋಣಿ ಮಾರಿಷಸ್ಸಿನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ ಪೂರ್ಣ ವೇಗದಲ್ಲಿ ಅಪ್ಪಳಿಸಿತು. ಲೋಕದ ಅತ್ಯುತ್ತಮ ನಾವಿಕರು, ಅತ್ಯುತ್ತಮ ಉಪಕರಣ. ದೂರದ ನೋಟದಲ್ಲಿ ಆ ಜಾಗ ಹಾಯ್ದುಹೋಗಬಹುದಾದ ಆಳದ ನೀರಿನಂತೆ ಕಂಡಿತ್ತು. ಹತ್ತಿರ ಎಳೆದಿದ್ದರೆ ನೀರಿನ ಮೇಲೆ ಎದ್ದು ನಿಂತ ನೆಲವೇ ಕಾಣುತ್ತಿತ್ತು. ಒಂಬತ್ತು ಮಂದಿಯೂ ಬದುಕಿಕೊಂಡದ್ದು ಪುಣ್ಯ. ಅವರಿಗೇ ಹೀಗಾದರೆ ಶನಿವಾರ ಭಾನುವಾರದ ನಾವಿಕರ ಗತಿಯೇನು? ನಾನು ದಾರಿ ಎಳೆದ ಮೇಲೆ ಹತ್ತಿರದ ನೋಟದಲ್ಲಿ ಅದರ ಉದ್ದಕ್ಕೂ ಬೆರಳಾಡಿಸಿ ಒಮ್ಮೆ ನಡೆದು ಬರುತ್ತೇನೆ. ಹತ್ತು ನಿಮಿಷದ ಕೆಲಸ.

ಇದರ ತಮ್ಮನಂಥ ಇನ್ನೊಂದು ಸಮಸ್ಯೆ ಸುರಕ್ಷಿತ ಆಳದ ರೇಖೆ. ಇಷ್ಟು ಆಳಕ್ಕಿಂತ ಕಡಿಮೆಯಿದ್ದರೆ ಗಾಢ ನೀಲಿ ಬಳಿ ಎಂದು ತಂತ್ರಾಂಶಕ್ಕೆ ಹೇಳಿಕೊಡಬಹುದು. ನನ್ನ ದೋಣಿಗೆ 4 ಅಡಿ, ಸ್ವಲ್ಪ ಅವಕಾಶ ಇರಲಿ ಎಂದು 2 ಮೀಟರ್ ತುಂಬಿದೆ. ನಮ್ಮ ಕಿರುತೊರೆ ಪೂರ್ತಿ ನೀಲಿಯಾಗಿ, ದೋಣಿ ಕಟ್ಟುವ ಜಾಗಕ್ಕೆ ಹೋಗುವುದೇ ಅಪಾಯ ಎಂದಿತು. ಕಾರಣ ಹುಡುಕಿದರೆ ಲೆಕ್ಕ ಸರಳ. ಅಡಿ ಅಳತೆಯಿಂದ ಬಂದ ಹಳೆಯ ನಕ್ಷೆಗಳಲ್ಲಿ ಆಳರೇಖೆ ಇರುವುದು 6, 12, 18 ಅಡಿಗೆ; ಮೀಟರಿನಲ್ಲಿ 1.8, 3.6, 5.4. ಎರಡು ಮೀಟರಿನ ರೇಖೆ ಇಲ್ಲದ್ದರಿಂದ ತಂತ್ರಾಂಶ ಅದರ ಮುಂದಿನ ಆಳದ್ದನ್ನು, ಅಂದರೆ 3.6 ಮೀಟರಿನದನ್ನು ಹಿಡಿದಿತ್ತು. 1.8 ಎಂದು ತಿದ್ದಿದೆ, ತೊರೆ ಮತ್ತೆ ಬಿಳಿಯಾಯಿತು. ಪರದೆ ಪೂರ್ತಿ ನೀಲಿಯಾಗಿದ್ದರೆ ಜನ ಆ ಬಣ್ಣವನ್ನೇ ನೋಡುವುದನ್ನು ಬಿಡುತ್ತಾರೆ, ಅದು ನಿಜವಾದ ಅಪಾಯ.

ನಕ್ಷೆಯ ಅಂಕಿ ಸರಾಸರಿ ಇಳಿತದ ನೀರಿಗೆ ಹೇಳಿದ್ದು ಎಂಬುದೂ ನೆನಪಿರಲಿ. ಕೊಲ್ಲಿಯ ದಡದ ಅನಾಪೊಲಿಸಿನಲ್ಲಿ ಉಬ್ಬರವಿಳಿತದ ಅಂತರ ಒಂದಡಿಯಷ್ಟೇ, ಲೆಕ್ಕಕ್ಕೇ ಬಾರದು ಎನ್ನಿಸುತ್ತದೆ. ಆದರೆ ಚಳಿಗಾಲದಲ್ಲಿ ವಾಯವ್ಯದ ಗಾಳಿ ಎರಡು ದಿನ ಬೀಸಿದರೆ ಕೊಲ್ಲಿಯ ನೀರನ್ನೇ ಹೊರಗೆ ತಳ್ಳಿಬಿಡುತ್ತದೆ, ಮಟ್ಟ ನಕ್ಷೆಯ ಲೆಕ್ಕಕ್ಕಿಂತ ಒಂದೆರಡು ಅಡಿ ಕೆಳಗೆ ಇಳಿಯುತ್ತದೆ. ಇದನ್ನು ಯಾವ ತಂತ್ರಾಂಶವೂ ಬಣ್ಣದಲ್ಲಿ ತೋರಿಸುವುದಿಲ್ಲ.

ತಂತಿ, ಕರೆಂಟು, ಪರದೆ

ಯುಎಸ್‌ಬಿ ಜಿಪಿಎಸ್ ಬೆಂಕಿಪೊಟ್ಟಣದಷ್ಟಿರುತ್ತದೆ, ಇಪ್ಪತ್ತರಿಂದ ನಲವತ್ತು ಡಾಲರಿನೊಳಗೆ ಸಿಗುತ್ತದೆ. ವಿಂಡೋಸಿನಲ್ಲಿ ಯಾವ ಕಿಂಡಿಗೆ ಚುಚ್ಚುತ್ತೀರಿ ಎಂಬುದರ ಮೇಲೆ ಅದರ ಪೋರ್ಟ್ ಸಂಖ್ಯೆ ಬದಲಾಗಬಹುದು. ಹೋದ ವಾರ ಕೆಲಸ ಮಾಡಿದ್ದು ಈ ವಾರ ಸುಮ್ಮನಿದ್ದರೆ ಕಾರಣ ಹೆಚ್ಚಾಗಿ ಇದೇ. ಒಂದು ಕಿಂಡಿಯ ಪಕ್ಕ ಉಗುರುಬಣ್ಣದಲ್ಲಿ ಚುಕ್ಕೆ ಇಟ್ಟು, ಯಾವಾಗಲೂ ಅಲ್ಲಿಗೇ ಚುಚ್ಚಿ. ಹಳೆಯ ಉಪಕರಣಗಳು 4800 ಬಾಡ್ (ಮಾಹಿತಿ ಹರಿಯುವ ವೇಗದ ಅಳತೆ) ವೇಗದಲ್ಲಿ ಮಾತಾಡುತ್ತವೆ, ಎಐಎಸ್ 38400ರಲ್ಲಿ. ಎರಡನ್ನೂ ಒಂದೇ ವೇಗಕ್ಕೆ ಇಟ್ಟು ಏನೂ ಬರುತ್ತಿಲ್ಲ ಎಂದು ಪೇಚಾಡಬೇಡಿ. ಬಾಲ್ಟಿಮೋರಿಗೆ ಹೋಗುವ ಹಡಗುಗಳ ದಾರಿ ದಾಟುವವರು ಎಐಎಸ್ ಸಂಕೇತ ಹಿಡಿಯುವ ರಿಸೀವರನ್ನು ಖಂಡಿತ ತೆಗೆದುಕೊಳ್ಳಿ. ಮಂಜಿನಲ್ಲಿ ಮುನ್ನೂರು ಮೀಟರ್ ಉದ್ದದ ಹಡಗೊಂದು ಎಲ್ಲಿದೆ, ಎತ್ತ ಹೊರಟಿದೆ ಎಂದು ಹೆಸರುಸಹಿತ ಪರದೆಯಲ್ಲಿ ಕಂಡಾಗ ಕೊಟ್ಟ ದುಡ್ಡು ವಸೂಲಾಗುತ್ತದೆ.

ಕರೆಂಟಿನ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ಲ್ಯಾಪ್‌ಟಾಪ್ 45 ವ್ಯಾಟ್ ಎಳೆದರೆ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 4 ಆಂಪಿಯರ್; ಎಂಟು ಗಂಟೆಗೆ 32 ಆಂಪಿಯರ್ ಗಂಟೆ. ನಿಮ್ಮ ಬ್ಯಾಟರಿಯ ಮೇಲೆ 100 ಎಂದು ಬರೆದಿದ್ದರೂ ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು. ಉಳಿದ 18ರಲ್ಲಿ ದೀಪ, ರೇಡಿಯೋ, ಎಂಜಿನ್ ಚಾಲೂ ಮಾಡುವುದು ಎಲ್ಲ ನಡೆಯಬೇಕು. ಅದೇ ರಾಸ್ಪ್‌ಬೆರಿ ಪೈ ಮತ್ತು ಹತ್ತಂಗುಲದ ಪರದೆ ಸೇರಿ 15 ವ್ಯಾಟಿನ ಆಸುಪಾಸು. ಓಪನ್‌ಪ್ಲಾಟರ್ ಎಂಬ ಲಿನಕ್ಸ್ ತಂತ್ರಾಂಶಗಳ ಸಿದ್ಧ ಕಟ್ಟು ಅದಕ್ಕಾಗಿಯೇ ಇದೆ, ಓಪನ್‌ಸಿಪಿಎನ್ ಅದರೊಳಗೇ ಬರುತ್ತದೆ. ಲಿನಕ್ಸ್ ಎಂದರೆ ಬೆವರುವವರು ಲ್ಯಾಪ್‌ಟಾಪಿನಲ್ಲೇ ಇರಲಿ, ಆದರೆ ಅದರ ತಾನೇತಾನಾಗಿ ಅಪ್‌ಡೇಟ್ ಆಗುವ ಚಟವನ್ನು ದಡದಲ್ಲೇ ಬಿಡಿಸಿ. ನನ್ನದು ಒಮ್ಮೆ ಥಾಮಸ್ ಪಾಯಿಂಟ್ ದೀಪಸ್ತಂಭದ ಎದುರು, ಸರಿಯಾಗಿ ತಿರುಗಬೇಕಾದಲ್ಲಿ, "ದಯವಿಟ್ಟು ಕಾಯಿರಿ" ಎಂದು ಇಪ್ಪತ್ತು ನಿಮಿಷ ಚಕ್ರ ತಿರುಗಿಸುತ್ತಾ ಕೂತಿತ್ತು. ಪುಣ್ಯಕ್ಕೆ 1875ರ ಆ ಆರುಮೂಲೆಯ ಮನೆ ಕಣ್ಣಿಗೇ ಕಾಣುತ್ತಿತ್ತು.

ಬಿಸಿಲಿನಲ್ಲಿ ಮಾಮೂಲಿ ಲ್ಯಾಪ್‌ಟಾಪಿನ ಪರದೆ ಕಾಣುವುದಿಲ್ಲ. ದೋಣಿಗೆಂದೇ ಮಾಡಿದ ಪ್ಲಾಟರುಗಳ ಹೊಳಪು ಅದರ ಮೂರ್ನಾಲ್ಕು ಪಟ್ಟು. ಹಾಗಾಗಿ ಲ್ಯಾಪ್‌ಟಾಪಿನ ಜಾಗ ದೋಣಿಯ ಒಳಗೆ. ಕಂಪ್ಯೂಟರ್ ಗುದ್ದಾಟವೇ ಬೇಡ, ದೋಣಿ ನಡೆಸಿದರೆ ಸಾಕು ಎನ್ನುವ ಸ್ವಭಾವದವರು ಈ ಬರಹದ ಅರ್ಧವನ್ನು ಮರೆತು ಐದೋ ಏಳೋ ಅಂಗುಲದ ಸಣ್ಣ ಪ್ಲಾಟರ್ ಕೊಳ್ಳಿ. ಅದರಲ್ಲಿ ನಾಚಿಕೆಯೇನಿಲ್ಲ.

ಊರಿನ ಕರಾವಳಿಗೆ

ಭಾರತದ ಕಡಲನ್ನು ಅಳೆದು ನಕ್ಷೆ ಮಾಡುವುದು ನೌಕಾಪಡೆಯ ಅಡಿಯಲ್ಲಿರುವ, ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ. ಕೆಲಸ ಉತ್ತಮ ದರ್ಜೆಯದು. ಆದರೆ ಅಲ್ಲಿನ ಅಧಿಕೃತ ಇಎನ್‌ಸಿ ನೋವಾದಂತೆ ಪುಕ್ಕಟೆಯಾಗಿ ಬೀಳುವುದಿಲ್ಲ. ದುಡ್ಡು ಕೊಟ್ಟು ಪರವಾನಗಿ ಪಡೆಯಬೇಕು, ಕಡತ ಗೂಢಲಿಪಿಯಲ್ಲಿರುತ್ತದೆ. ಆದ್ದರಿಂದ "ಓಪನ್‌ಸಿಪಿಎನ್ ಪುಕ್ಕಟೆ" ಎಂಬ ಮಾತು ಮಲ್ಪೆಯಲ್ಲಿ ಅರ್ಧ ಸತ್ಯ. ಅಲ್ಲಿಯ ಸಣ್ಣ ದೋಣಿಯವರಿಗೆ ನಮ್ಮ ಕಡಲಿನ ನಕ್ಷೆಯೂ ಒಳಗೊಂಡ ಆಪ್ ಚಂದಾ ಅಥವಾ ಪ್ಲಾಟರಿನ ಜೊತೆ ಬರುವ ನಕ್ಷೆಯೇ ಅಗ್ಗವಾಗಬಹುದು, ಅದರ ಪಕ್ಕದಲ್ಲಿ ಜಲಮಾಪನ ಕಚೇರಿಯ ಕಾಗದದ ನಕ್ಷೆ. ಉಪಗ್ರಹ ಚಿತ್ರಗಳನ್ನು ನಕ್ಷೆಯಂತೆ ಹಾಸಿಕೊಳ್ಳುವ ಹವ್ಯಾಸವೂ ಕೆಲವರಲ್ಲಿದೆ. ದಡ, ತಡೆಗೋಡೆ, ದಕ್ಕೆ ಚೆನ್ನಾಗಿ ಕಾಣುತ್ತವೆ. ಆಳ ಒಂದಿಂಚೂ ಕಾಣುವುದಿಲ್ಲ.

ಹಾಗೆಂದು ಓಪನ್‌ಸಿಪಿಎನ್ ಮೀನುಗಾರರಿಗೆ ನಿರುಪಯುಕ್ತವಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಸಿಗಬಹುದಾದ ವಲಯಗಳನ್ನು ಅಕ್ಷಾಂಶ, ರೇಖಾಂಶ, ಆಳದ ಸಮೇತ ಪುಕ್ಕಟೆಯಾಗಿ ಕೊಡುತ್ತದೆ. ಅದನ್ನು ಗುರುತುಗಳಾಗಿ ತುಂಬಿ, ಹಿಂದಿನ ಬಲೆಯ ಜಾಗಗಳನ್ನೂ ಪಕ್ಕದಲ್ಲಿಟ್ಟು ನೋಡಲು ದೊಡ್ಡ ಪರದೆ ಅನುಕೂಲ. ಜೂನ್ ಜುಲೈ 61 ದಿನದ ನಿಷೇಧದಲ್ಲಿ ಬೋಟು ದಕ್ಕೆಯಲ್ಲಿ ಕಟ್ಟಿರುವಾಗ ಇದನ್ನೆಲ್ಲ ಹೊಂದಿಸಿಕೊಳ್ಳಬಹುದು.

ಚಿಕ್ಕಪ್ಪ ಹೊರಡುವ ಹಿಂದಿನ ದಿನ ನಾನು ಅದೇ ಲ್ಯಾಪ್‌ಟಾಪಿನಲ್ಲಿ ಮಲ್ಪೆಯನ್ನು ತೆರೆದು ತೋರಿಸಿದೆ. ಬಂದದ್ದು ನಕ್ಷೆಯಿಲ್ಲದ ಒರಟು ಭೂಪಟ: ನೇರ ಗೆರೆಯಂಥ ದಡ, ಬರಿಯ ನೀಲಿ. ತೋನ್ಸೆಪಾರ್ ದ್ವೀಪ ಇಲ್ಲವೇ ಇಲ್ಲ. ಅವರು ಕನ್ನಡಕ ಸರಿಪಡಿಸಿಕೊಂಡು, "ಒತ್ತಿದರೆ ಗುರುತು ಬೀಳುತ್ತದಲ್ಲವೇ?" ಎಂದು ಕೇಳಿ, ಕಾಪು ದೀಪಸ್ತಂಭದ ಅಕ್ಷಾಂಶ ಹುಡುಕಿಸಿ ಮೊದಲ ಚುಕ್ಕೆ ಇಡಿಸಿದರು. ಅಲ್ಲಿಂದ ದಿಕ್ಕು, ದೂರ ಹೇಳುತ್ತಾ ಒಂದೊಂದೇ ಬಂಡೆ, ಒಂದೊಂದೇ ಮುಳುಗಿದ ಬೋಟು, ಬಲೆ ಹರಿಯುವ ಜಾಗ. ರಾತ್ರಿ ಹನ್ನೊಂದರವರೆಗೆ ನಲವತ್ತೇಳು ಚುಕ್ಕೆಗಳಾದವು. ಒಂದೊಂದಕ್ಕೂ ಹೆಸರಿನ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದೆ.

"ಎಷ್ಟು ಮಾರು ಎಂದು ಬರೆ. ಕೆಳಗೆ ನಾನು ಕೊನೆಯ ಸಲ ಅಲ್ಲಿಗೆ ಹೋದ ವರ್ಷ ಹಾಕು."